ಮೈನಸ್ ಡಿಗ್ರಿಯ ಜಾಕೆಟ್ಟೂ ಕೆಮ್ಮಣ್ಣುಗುಂಡಿಯ ಮಳೆಯೂ

ಮಳೆಗಾಲ ಆರಂಭವಾದ ಹೊಸತರಲ್ಲಿ ಮಗಳೊಡನೆ ಬೆಂಗಳೂರಿನ ಒಂದು ದೊಡ್ಡ ಬಟ್ಟೆ ಮಳಿಗೆಗೆ ಹೋಗಿದ್ದೆ. ಗೆಳತಿಯರ ಜೊತೆ ಎರಡು ದಿನ ಕೆಮ್ಮಣ್ಣುಗುಂಡಿಗೆ ಹೊರಟಿದ್ದ ಆಕೆಗೆ ಒಂದು ಜಾಕೆಟ್ ಬೇಕಾಗಿತ್ತು. ಮಾರಾಟದ ಹುಡುಗ ಬಹಳ ವಿನಯದಿಂದ ಕೇಳಿದ ಮೊದಲ ಪ್ರಶ್ನೆ ಇದು: "ಮೈನಸ್ ಎಷ್ಟು ಡಿಗ್ರಿಗೆ ಬೇಕು ಮೇಡಂ?" ಮೈನಸ್ ಐದರದು ಒಂದು ಬೆಲೆ, ಮೈನಸ್ ಹತ್ತರದು ಇನ್ನೊಂದು ಬೆಲೆ. ಬಾತುಕೋಳಿಯ ಮೆದುಗರಿ ತುಂಬಿದ, ಊದಿಕೊಂಡ ದಿಂಬಿನಂತಹ ಜಾಕೆಟ್ಟೊಂದನ್ನು ಅವನು ಆಕೆಯ ಹೆಗಲಿಗೇರಿಸಿದ. ಕನ್ನಡಿಯ ಮುಂದೆ ಅದು ಚೆನ್ನಾಗಿಯೇ ಕಾಣುತ್ತಿತ್ತು. "ಅಪ್ಪ, ಇದೇ ಇರಲಿ" ಎಂದಳು.

ಕೆಮ್ಮಣ್ಣುಗುಂಡಿಯಲ್ಲಿ ಮಳೆಗಾಲದ ಉಷ್ಣಾಂಶ ಸೊನ್ನೆಯ ಹತ್ತಿರವೂ ಸುಳಿಯುವುದಿಲ್ಲ. ಹಗಲಿನಲ್ಲಿ ಹದಿನೆಂಟು ಇಪ್ಪತ್ತು, ರಾತ್ರಿ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ. ಅಂಕಿಯನ್ನಷ್ಟೇ ನೋಡಿದರೆ ಬೆಂಗಳೂರಿನ ಡಿಸೆಂಬರ್ ಮುಂಜಾವಿಗಿಂತ ಹೆಚ್ಚಿನ ಚಳಿ ಅದಲ್ಲ. ಆದರೂ ಅಲ್ಲಿ ಹಲ್ಲು ಕಟಕಟಿಸುತ್ತದೆ. ಏಕೆಂದರೆ ಅಲ್ಲಿನದು ಒಣ ಚಳಿಯಲ್ಲ, ಹಸಿ ಚಳಿ. ಮಳಿಗೆಯ ಹುಡುಗ ಕೇಳಬೇಕಾಗಿದ್ದ ಪ್ರಶ್ನೆ 'ಎಷ್ಟು ಡಿಗ್ರಿ' ಎಂಬುದಲ್ಲ. 'ಈ ಬಟ್ಟೆ ಒದ್ದೆಯಾಗುತ್ತದೆಯೇ, ಆದ ಮೇಲೆ ಏನಾಗುತ್ತದೆ' ಎಂಬುದು. ಈ ಒಂದು ಪ್ರಶ್ನೆಯನ್ನು ಕೇಳದೆ ನಾನೂ ಒಮ್ಮೆ ತಪ್ಪು ಮಾಡಿದ್ದೇನೆ. ಅದರ ದಂಡವನ್ನು ತೆತ್ತವನು ಮಾತ್ರ ಬೇರೊಬ್ಬ. ಅದನ್ನು ಹೇಳುವ ಮೊದಲು ಸ್ಥಳದ ಪರಿಚಯ ಅಗತ್ಯ.

ಬೀರೂರಿನಲ್ಲಿ ರೈಲಿಳಿದು ಲಿಂಗದಹಳ್ಳಿಯ ಮೂಲಕ ಕಲ್ಲತ್ತಿಗಿರಿ ದಾಟಿ ಮೇಲೇರುವ ದಾರಿ ಕರ್ನಾಟಕದ ಹವಾಮಾನದ ಪಾಠವನ್ನೇ ಹೇಳುತ್ತದೆ. ಕೆಳಗೆ ಕಡೂರಿನ ಬಯಲು. ಬರಪೀಡಿತ ತಾಲ್ಲೂಕುಗಳ ಪಟ್ಟಿ ಪ್ರಕಟವಾದಾಗಲೆಲ್ಲ ಬಹುಮಟ್ಟಿಗೆ ಕಾಣಿಸಿಕೊಳ್ಳುವ ಹೆಸರು ಅದು. ಅಡಿಕೆ, ತೆಂಗಿನ ತೋಟಗಳ ತರೀಕೆರೆ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಕೆಮ್ಮಣ್ಣುಗುಂಡಿ 1,434 ಮೀಟರ್. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಂತೆ ಇವೆರಡರ ನಡುವೆ ನಾಲ್ಕೈದು ಡಿಗ್ರಿಯ ಅಂತರ. ಅದೇನೂ ದೊಡ್ಡದಲ್ಲ. ದೊಡ್ಡದೆಂದರೆ ನೀರಿನ ಅಂತರ. ಪಡುವಣ ಕಡಲಿನಿಂದ ಬರುವ ಮೋಡಗಳನ್ನು ಬಾಬಾಬುಡನ್‌ಗಿರಿಯ ಸಾಲು ತಡೆದು ನಿಲ್ಲಿಸಿ ತನ್ನ ಮೈಮೇಲೆ ಸುರಿಸಿಕೊಳ್ಳುತ್ತದೆ. ಬೆನ್ನ ಹಿಂದಿನ ಕಡೂರು, ಅಜ್ಜಂಪುರದ ಬಯಲಿಗೆ ಉಳಿದದ್ದಷ್ಟೇ ದಕ್ಕುತ್ತದೆ. ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮೇಲಿನಿಂದ ಬೀಳುವುದಕ್ಕಿಂತ ಅಡ್ಡಡ್ಡವಾಗಿ ಬೀಸುವುದೇ ಹೆಚ್ಚು. ಮಳೆ ನಿಂತಾಗ ಮೋಡವೇ ಅಂಗಳಕ್ಕೆ ಇಳಿದಿರುತ್ತದೆ. ಹಾಸಿಗೆ, ಬೆಂಕಿಪೆಟ್ಟಿಗೆ, ಕಡತ ಎಲ್ಲವೂ ತೇವ.

ಈ ಊರು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಬೇಸಿಗೆಯ ಬಿಡಾರವಾಗಿತ್ತು, ಕೆ.ಆರ್. ಗಿರಿಧಾಮ ಎಂಬ ಹೆಸರು ಬಂದದ್ದು ಹಾಗೆ. ಇಂದು ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ. ಆದರೆ ಇದರ ಹಳೆಯ ಹೆಸರು ದುಡಿಮೆಯದು: ಕೆಮ್ಮಣ್ಣಿನ ಗುಂಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇಲ್ಲಿಂದ ಅದಿರು ರೋಪ್‌ವೇ ಮೂಲಕ ಇಳಿದುಹೋಗುತ್ತಿತ್ತು. ಬೇಸಿಗೆಯಲ್ಲಿ ಮಾತ್ರ ಬರುತ್ತಿದ್ದ ಅರಸರಿಗೆ ಇಲ್ಲಿನ ಹವೆ ಹಿತವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಮಳೆಗಾಲದಲ್ಲೂ ಇಲ್ಲಿ ಇರಬೇಕಾದವರ ಮಾತು ಬೇರೆ.

1988ರ ಜುಲೈ. ನಾನು ಸೇವೆಗೆ ಸೇರಿ ಮೂರು ವರ್ಷವಾಗಿತ್ತು. ಆಗ ನಾನಿದ್ದ ಇಲಾಖೆಯ ಹೆಸರು ಇಲ್ಲಿ ಬೇಡ. ಗುಡ್ಡಬೆಟ್ಟಗಳಲ್ಲಿ ಕಾವಲುಗಾರರನ್ನು ಇಟ್ಟುಕೊಂಡಿರುವ ಇಲಾಖೆಗಳು ಒಂದೆರಡಲ್ಲ. ತಪಾಸಣೆಗೆಂದು ಈ ಬೆಟ್ಟದ ಸಾಲಿನಲ್ಲಿದ್ದ ಒಂದು ಕಾವಲು ಚೌಕಿಗೆ ಹೋದಾಗ ಅಲ್ಲಿನ ಕಾವಲುಗಾರ, ಐವತ್ತರ ಆಸುಪಾಸಿನ ಮನುಷ್ಯ, ಸಮವಸ್ತ್ರದಲ್ಲಿರಲಿಲ್ಲ. ಕರಿಕಂಬಳಿಯೊಂದನ್ನು ಮೂಲೆ ಮಡಿಸಿ, ಕೊಪ್ಪೆ ಮಾಡಿ ತಲೆಯ ಮೇಲಿಂದ ಮೊಣಕಾಲಿನವರೆಗೆ ಇಳಿಬಿಟ್ಟುಕೊಂಡು ನಿಂತಿದ್ದ.

"ಇಲಾಖೆ ಕೊಟ್ಟ ಕೋಟು ಎಲ್ಲಿ?" ಎಂದು ಕೇಳಿದೆ.

"ಐತೆ ಸಾರ್, ಒಳಗೆ ಮೊಳೆಗೆ ನೇತಾಕಿದೀನಿ. ಅದ್ರಾಗೆ ಮಳೆ ಒಳಗಿಂದ ಬರ್ತೈತೆ."

ಮಳೆ ಒಳಗಿನಿಂದ ಬರುವುದೆಂದರೇನು? ನನಗದು ಉದ್ಧಟತನದ ಮಾತಾಗಿ ಕೇಳಿಸಿತು. ನಾನು ತೊಟ್ಟಿದ್ದುದೂ ಅದೇ ಬಗೆಯ ರಬ್ಬರ್ ಲೇಪಿತ ರೇನ್‌ಕೋಟು; ಕತ್ತಿನಿಂದ ಮೊಣಕಾಲಿನವರೆಗೆ ಗುಂಡಿ ಬಿಗಿದ, ಒಂದು ಹನಿಯೂ ಒಳನುಗ್ಗದ ಕೋಟು. ಅದರೊಳಗೆ ಟೆರಿಕಾಟ್ ಷರಟು, ಅದರೊಳಗೆ ಹತ್ತಿಯ ಬನಿಯನ್. ಚೌಕಿಯಿಂದ ಮೇಲಿನ ದಿಣ್ಣೆಗೆ ಮುಕ್ಕಾಲು ಗಂಟೆಯ ಏರು. ಅರ್ಧ ದಾರಿಯಲ್ಲೇ ಬನಿಯನ್ ಬೆವರಿನಿಂದ ತೊಪ್ಪೆಯಾಗಿತ್ತು. ದಿಣ್ಣೆಯ ಮೇಲೆ ನಿಂತು ನಕ್ಷೆ ಬಿಡಿಸಿದ ಹತ್ತು ನಿಮಿಷದಲ್ಲಿ ಗಾಳಿ ಆ ರಬ್ಬರನ್ನು ಮಂಜುಗಡ್ಡೆಯಂತೆ ತಣ್ಣಗಾಗಿಸಿ ಬೆನ್ನಿಗಂಟಿಸಿತು. ಕೈ ನಡುಗಿ ಪೆನ್ಸಿಲ್ ಜಾರಿತು, ಮಾತು ತೊದಲಿತು. ಆ ಕಾವಲುಗಾರ ಏನನ್ನೂ ಕೇಳದೆ ನನ್ನ ರೇನ್‌ಕೋಟನ್ನು ಬಿಚ್ಚಿಸಿ, ತನ್ನ ಕಂಬಳಿಯನ್ನು ನನಗೆ ಹೊದಿಸಿ, "ನಿಲ್ಲಬ್ಯಾಡಿ ಸಾರ್, ಇಳೀರಿ" ಎಂದು ಮುಂದೆ ನಡೆದ. ಕಂಬಳಿ ಹೊರಗೆ ನೆನೆದು ಭಾರವಾಗಿತ್ತು, ಕುರಿಯ ವಾಸನೆ ಹೊಡೆಯುತ್ತಿತ್ತು, ಕತ್ತಿಗೆ ಚುಚ್ಚುತ್ತಿತ್ತು. ಚೌಕಿ ತಲುಪುವ ವೇಳೆಗೆ ನಡುಕ ನಿಂತಿತ್ತು.

ಮರುದಿನ ಕಚೇರಿಗೆ ಮರಳಿ ಪ್ರವಾಸ ಟಿಪ್ಪಣಿಯನ್ನು ಹೇಳಿ ಬರೆಸಿದೆ. ಅದರ ಏಳೋ ಎಂಟೋ ಕಂಡಿಕೆಯಲ್ಲಿ 'ಸದರಿ ಕಾವಲುಗಾರರು ಇಲಾಖೆಯಿಂದ ಒದಗಿಸಲಾದ ಸಮವಸ್ತ್ರವನ್ನು ಧರಿಸದೆ ಕರ್ತವ್ಯದಲ್ಲಿದ್ದುದು ಕಂಡುಬಂದಿದ್ದು, ಸೂಕ್ತ ಕ್ರಮ ಜರುಗಿಸುವುದು' ಎಂಬ ವಾಕ್ಯವಿತ್ತು. ಕೃತಜ್ಞತೆ ಬೇರೆ, ಕಡತ ಬೇರೆ ಎಂದು ಆಗ ನಂಬಿದ್ದೆ.

ಆತ ಹೇಳಿದ 'ಒಳಗಿನ ಮಳೆ'ಯ ಅರ್ಥ ನನಗೆ ಹೊಳೆಯಲು ವರ್ಷಗಳೇ ಬೇಕಾದವು. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಜಾಕೆಟ್ ಕೊಳ್ಳುವವರಿಗೆ ಉಪಯುಕ್ತವಾದದ್ದು ಇಷ್ಟೇ.

ಬಟ್ಟೆ ಬೆಚ್ಚಗಿರುವುದಿಲ್ಲ, ಬಟ್ಟೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ನಮ್ಮ ಮೈಯ ಶಾಖವನ್ನು ಹೊರಹೋಗದಂತೆ ತಡೆಯುತ್ತದೆ. ಆ ಗಾಳಿಯ ಜಾಗದಲ್ಲಿ ನೀರು ಕುಳಿತರೆ, ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸಿಬಿಡುತ್ತದೆ. ಸಾಲದ್ದಕ್ಕೆ ಒದ್ದೆ ಬಟ್ಟೆ ಮೈಮೇಲೆಯೇ ಆರುವಾಗ ಅದಕ್ಕೆ ಬೇಕಾದ ಶಾಖವನ್ನೂ ಮೈಯೇ ತೆರಬೇಕು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಬೇಕು. ನೆನೆದ ಜೀನ್ಸ್ ಮತ್ತು ಷರಟು ಅರ್ಧ ಲೀಟರ್ ನೀರನ್ನು ಸುಲಭವಾಗಿ ಹಿಡಿದಿಟ್ಟುಕೊಳ್ಳುತ್ತವೆ. ಅಂದರೆ ನಾಲ್ಕೈದು ಇಡ್ಲಿಯ ಶಕ್ತಿ ಬಟ್ಟೆ ಒಣಗಿಸುವುದಕ್ಕೇ ಖರ್ಚು. ಮೈಯ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅಪಾಯವೆನ್ನುತ್ತಾರೆ. ಅದಕ್ಕೆ ಹಿಮ ಬೀಳಬೇಕಾಗಿಲ್ಲ. ಹತ್ತು ಹದಿನೈದು ಡಿಗ್ರಿಯಲ್ಲೂ ಒದ್ದೆ ಬಟ್ಟೆ, ಗಾಳಿ, ದಣಿವು ಮೂರೂ ಕೂಡಿದರೆ ಸಾಕು.

ಇನ್ನು ನೂಲುಗಳ ಸ್ವಭಾವ. ಸಾಧಾರಣ ತೇವದ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ 8ರಷ್ಟು ತೇವವನ್ನು ಹೀರಿಕೊಂಡಿರುತ್ತದೆ; ಉಣ್ಣೆ ಶೇ 16ರಷ್ಟು; ಪಾಲಿಯೆಸ್ಟರ್ ಶೇ ಅರ್ಧಕ್ಕಿಂತಲೂ ಕಡಿಮೆ. ಈ ಅಂಕಿಗಳನ್ನು ನೋಡಿದವರು ಉಣ್ಣೆಯೇ ಅತ್ಯಂತ ಒದ್ದೆಯಾಗುವ ಬಟ್ಟೆ ಎಂದು ತಿಳಿದಾರು. ಉಣ್ಣೆಯ ವಿಚಿತ್ರವೇ ಅಲ್ಲಿದೆ. ಅದು ತೇವವನ್ನು ಎಳೆಯ ಒಳಗೆ ಬಚ್ಚಿಟ್ಟುಕೊಳ್ಳುತ್ತದೆ. ತೂಕದ ಮೂರನೆಯ ಒಂದು ಭಾಗದಷ್ಟು ನೀರಾವಿಯನ್ನು ಹೀರಿಕೊಂಡ ಮೇಲೂ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಹೀರಿಕೊಳ್ಳುವಾಗ ಅಷ್ಟಿಷ್ಟು ಶಾಖವನ್ನೂ ಹೊರಬಿಡುತ್ತದೆ. ಎಳೆಗಳ ಸುರುಳಿ ನೆನೆದಾಗಲೂ ಪೂರ್ತಿ ಕುಸಿಯುವುದಿಲ್ಲವಾದ್ದರಿಂದ ಒಂದಿಷ್ಟು ಗಾಳಿ ಒಳಗೆ ಉಳಿಯುತ್ತದೆ. ಹತ್ತಿಯಾದರೋ ನೆನೆದೊಡನೆ ಮೈಗೆ ಅಂಟಿ ಕೂರುತ್ತದೆ. ಬಾತುಕೋಳಿಯ ಮೆದುಗರಿ ಒಣಹವೆಯಲ್ಲಿ ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ಬೆಚ್ಚಗೆ. ನೆನೆದರೆ ಮಾತ್ರ ತೊಯ್ದ ಕೋಳಿಯ ಪುಕ್ಕದಂತೆ ಮುದ್ದೆಯಾಗುತ್ತದೆ. ಲಡಾಖ್‌ಗೆ ಅದು ಸರಿ; ಜುಲೈ ತಿಂಗಳ ಕೆಮ್ಮಣ್ಣುಗುಂಡಿಗೆ ಅಲ್ಲ.

ಪಾಲಿಯೆಸ್ಟರನ್ನು ನಮ್ಮ ಪೀಳಿಗೆಯವರು ಸೆಖೆಯ ಬಟ್ಟೆಯೆಂದೇ ಬಲ್ಲೆವು. ಆದರೆ 1979ರಲ್ಲಿ ಅಮೆರಿಕದ ಮಾಲ್ಡನ್ ಮಿಲ್ಸ್ ಎಂಬ ಗಿರಣಿ ಅದನ್ನೇ ಉಣ್ಣೆಯಂತೆ ಉಬ್ಬಿಸಿ ನೇಯ್ದು 'ಫ್ಲೀಸ್' ಎಂಬ ಬಟ್ಟೆಯನ್ನು ತಂದಿತು. ಅದು ನೀರನ್ನು ಹೀರುವುದಿಲ್ಲ. ಹಿಂಡಿ ಕೊಡವಿದರೆ ಮುಕ್ಕಾಲುಪಾಲು ಒಣಗಿತು. ಮಲೆನಾಡಿನ ಮಳೆಗಾಲಕ್ಕೆ ಇದು ನಿಜಕ್ಕೂ ಒಳ್ಳೆಯ ಬಟ್ಟೆ ಎಂದು ಒಪ್ಪಬೇಕು. ಗಾಳಿ ಅದರೊಳಗೆ ಜರಡಿಯಲ್ಲಿ ನುಗ್ಗಿದಂತೆ ನುಗ್ಗುತ್ತದೆ ಎಂಬುದೊಂದು ಕೊರತೆ. ಹಾಗಾಗಿ ಮೇಲೊಂದು ತೆಳುವಾದ ಗಾಳಿತಡೆ ಬೇಕು.

ಮಳೆಯನ್ನು ತಡೆಯುವ ಹೊರಪದರದ ಸಮಸ್ಯೆ ಹಳೆಯದು. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ರಬ್ಬರ್ ಹಚ್ಚಿ ಮಳೆಯಂಗಿಗೆ ಪೇಟೆಂಟ್ ಪಡೆದ. ಮಳೆ ಹೊರಗೇ ಉಳಿಯಿತು. ಬೆವರು ಒಳಗೇ ಉಳಿಯಿತು. ನಮ್ಮ ಕಾವಲುಗಾರನ 'ಒಳಗಿನ ಮಳೆ'ಗೆ ಎರಡು ಶತಮಾನದ ಇತಿಹಾಸವಿದೆ! 1969ರಲ್ಲಿ ಬಾಬ್ ಗೋರ್ ಎಂಬಾತ ಟೆಫ್ಲಾನ್ ಜಾತಿಯ ವಸ್ತುವನ್ನು ಎಳೆದು ಹಿಗ್ಗಿಸಿ, ನೀರಿನ ಹನಿ ಒಳನುಗ್ಗಲಾರದ ಆದರೆ ನೀರಾವಿ ಹೊರಹೋಗಬಲ್ಲ ಸೂಕ್ಷ್ಮರಂಧ್ರಗಳ ಪೊರೆಯನ್ನು ಕಂಡುಹಿಡಿದ. 'ಉಸಿರಾಡುವ ಜಾಕೆಟ್' ಎಂದು ದುಬಾರಿ ಬೆಲೆಗೆ ಮಾರುವುದು ಇದರ ಬಗೆಬಗೆಯ ರೂಪಗಳನ್ನು. ಒಂದು ಮಾತನ್ನು ಮಾರುವವರು ಹೇಳುವುದಿಲ್ಲ. ಆವಿ ಹೊರಗೆ ಹೋಗುವುದು ಒಳಗಿನ ತೇವ ಹೊರಗಿನದಕ್ಕಿಂತ ಹೆಚ್ಚಿದ್ದಾಗ. ಹೊರಗೆ ಮೋಡವೇ ನೆಲಕ್ಕಿಳಿದಿರುವ ಕೆಮ್ಮಣ್ಣುಗುಂಡಿಯಲ್ಲಿ ಆ ವ್ಯತ್ಯಾಸ ಅತ್ಯಲ್ಪ. ಅಲ್ಲಿ ಪೊರೆಯ ಸೂಕ್ಷ್ಮರಂಧ್ರಗಳಿಗಿಂತ ಕಂಕುಳ ಕೆಳಗೊಂದು ಜಿಪ್ಪು, ಸಡಿಲವಾದ ಅಂಚು, ತೆರೆದ ಮುಂಭಾಗ ಹೆಚ್ಚು ಕೆಲಸ ಮಾಡುತ್ತವೆ.

ಇದು ಹೊಳೆದಾಗ ಕಂಬಳಿಕೊಪ್ಪೆಯ ಜಾಣತನವೂ ಗದ್ದೆಯ ಗೊರಬೆಯ ಜಾಣತನವೂ ಒಟ್ಟಿಗೆ ಅರ್ಥವಾದವು. ನಾಟಿ ಮಾಡುವ ಹೆಂಗಸರು ಬಿದಿರಿನ ಹೆಣಿಗೆಗೆ ಎಲೆ ಹೊದಿಸಿದ ಗೊರಬೆಯನ್ನು ತಲೆಯಿಂದ ಬೆನ್ನಿಗೆ ಇಳಿಬಿಟ್ಟುಕೊಳ್ಳುತ್ತಿದ್ದರು. ಬಾಗಿದ ಮೈಗೆ ಮಳೆ ತಾಗುವುದು ಬೆನ್ನಿಗೆ ಮಾತ್ರ. ಮುಂದೆಲ್ಲ ತೆರೆದಿದೆ, ಕೈ ಸ್ವತಂತ್ರವಾಗಿದೆ, ಬೆವರಿಗೆ ದಾರಿಯಿದೆ. ನಿಂತು ತೊಟ್ಟರೆ ಗೊರಬೆ ಹಾಸ್ಯಾಸ್ಪದವಾಗಿ ಕಾಣುತ್ತದೆ. ಅದನ್ನು ಅಳತೆ ಮಾಡಿದ್ದು ನಿಂತ ಮೈಗಲ್ಲ, ದುಡಿಯುವ ಮೈಗೆ. ಜಾಕೆಟ್ಟಿನ ಅಳತೆಯ ಬಗ್ಗೆ ನಾನು ಬಲ್ಲ ಅತ್ಯುತ್ತಮ ಪಾಠ ಇದೇ. ಗೊರಬೆಯ ಜಾಗವನ್ನು ಈಗ ಪ್ಲಾಸ್ಟಿಕ್ ಹಾಳೆ ಆಕ್ರಮಿಸಿದೆ.

ಕಂಬಳಿಯ ಆರ್ಥಿಕತೆಯೂ ಸ್ವಾರಸ್ಯಕರ. ಮಳೆ ಸುರಿಯುವ ಬೆಟ್ಟದಲ್ಲಿ ಉಣ್ಣೆಯ ಕುರಿ ಸಾಕುವುದು ಕಷ್ಟ, ಗೊರಸು ಕೊಳೆಯುತ್ತದೆ. ಕುರಿ ಬೇಕಾದರೆ ಒಣ ಬಯಲು ಬೇಕು. ಕಂಬಳಿ ಬೇಕಾದದ್ದು ಬೆಟ್ಟಕ್ಕೆ. ಹಾಗಾಗಿ ಕಡೂರು, ಚಳ್ಳಕೆರೆಯಂತಹ ಬಯಲಿನ ಕುರುಬರು ವರ್ಷಕ್ಕೆರಡು ಬಾರಿ ಉಣ್ಣೆ ಕತ್ತರಿಸಿ, ಹೆಂಗಸರು ನೂತು, ಕುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಹಾಕಿ ಬಿಗಿಗೊಳಿಸಿದ ಕರಿಕಂಬಳಿ ಸಂತೆಗಳ ಮೂಲಕ ಘಟ್ಟ ಹತ್ತುತ್ತಿತ್ತು. ಬರದ ನಾಡು ಮಳೆಯ ನಾಡಿಗೆ ಮೇಲುಹೊದಿಕೆ ಒದಗಿಸುತ್ತಿತ್ತು. ಉಣ್ಣೆಯ ಸಹಜ ಜಿಡ್ಡು, ಗಂಜಿಯ ಬಿಗಿ ಎರಡೂ ಸೇರಿ ಮೊದಲ ಕೆಲವು ಗಂಟೆ ಮಳೆ ಮೇಲೆಯೇ ಜಾರಿ ಹೋಗುತ್ತದೆ. ಆಮೇಲೆ ನೆನೆದರೂ ಒಳಗೆ ಬೆಚ್ಚಗಿರುತ್ತದೆ.

ಹಾಗೆಂದು ಕಂಬಳಿಯ ಗುಣಗಾನ ಮಾಡಿ ಕೈತೊಳೆದುಕೊಳ್ಳುವವನು ನಾನಲ್ಲ. ಒಣಗಿದ್ದಾಗಲೇ ಭಾರ, ನೆನೆದರೆ ಹೊರಲಾಗದು. ಒಲೆಯ ಮುಂದೆ ಹರವಿದರೂ ಆರುವುದಕ್ಕೆ ಒಂದು ರಾತ್ರಿ ಬೇಕು. ಕೆರೆತ, ನುಸಿ, ವಾಸನೆ ಬೇರೆ. ದಖನಿ ಕುರಿಯ ಉಣ್ಣೆಯ ಎಳೆ ಮೆರಿನೋ ಉಣ್ಣೆಗಿಂತ ಬಹಳ ದಪ್ಪ; ಅದನ್ನು ಮೈಗೆ ತಾಗಿಸಿ ತೊಡಲಾಗದು. ಕಾಲೇಜು ಹುಡುಗಿಯೊಬ್ಬಳು ಕಂಬಳಿಕೊಪ್ಪೆ ಹಾಕಿಕೊಂಡು ಝೀ ಪಾಯಿಂಟ್ ಹತ್ತಲಿ ಎಂದು ಹೇಳುವುದು ಮುದುಕರ ಹಟವಾದೀತು. ಕಡೂರಿನ ಕಡೆಯ ಕುರಿಗಾರರೊಬ್ಬರು ಕೆಲವು ವರ್ಷಗಳ ಹಿಂದೆ ನನಗೆ ಹೇಳಿದ್ದು ಬೇರೆಯೇ ಲೆಕ್ಕ: ಉಣ್ಣೆ ಕತ್ತರಿಸುವ ಕೂಲಿಯಷ್ಟೂ ಉಣ್ಣೆಗೆ ಬೆಲೆ ಸಿಗುವುದಿಲ್ಲ, ಕುರಿ ಈಗ ಮಾಂಸಕ್ಕೆ ಮಾತ್ರ. ಪಾಣಿಪತ್ತಿನ ಗಿರಣಿಗಳು ಹಳೆ ಬಟ್ಟೆಯನ್ನು ಸಿಗಿದು ನೂತು ಮಾಡುವ ಅಗ್ಗದ ಹೊದಿಕೆಗಳು ನಮ್ಮ ಸಂತೆಗಳಿಗೆ ಬಂದ ಮೇಲೆ ಕುಣಿಮಗ್ಗದವನು ಬೆಲೆಯಲ್ಲಿ ಸೆಣಸುವುದು ಎಲ್ಲಿಂದ ಬಂತು?

ಬೆಲೆಯ ಮಾತು ಬಂದಾಗ 2004ರ ಸಂಗತಿಯನ್ನು ಹೇಳಬೇಕು. ಅಷ್ಟರಲ್ಲಿ ನಾನು ಹಿರಿಯ ಹುದ್ದೆಗೆ ಬಂದಿದ್ದೆ. ಹಳೆಯ ಇಲಾಖೆಯ ಕ್ಷೇತ್ರ ಸಿಬ್ಬಂದಿಗೆ ಮಳೆಗಾಲದ ಜಾಕೆಟ್ ಖರೀದಿಸುವ ಸಮಿತಿಯಲ್ಲಿ ನನ್ನನ್ನೂ ಹಾಕಿದ್ದರು. ಆ ನೆಪದಲ್ಲಿ ಹಳೆಯ ಕಡತಗಳನ್ನು ತರಿಸಿದಾಗ 1988ರ ನನ್ನ ಪ್ರವಾಸ ಟಿಪ್ಪಣಿಯೂ ಸಿಕ್ಕಿತು. ಅದರ ಬೆನ್ನಿಗೇ ಒಂದು ಆದೇಶ: ಸದರಿ ಕಾವಲುಗಾರನ ಒಂದು ವಾರ್ಷಿಕ ವೇತನ ಬಡ್ತಿಯನ್ನು ತಡೆಹಿಡಿಯಲಾಗಿದೆ. ನಾನು ಬರೆದ 'ಸೂಕ್ತ ಕ್ರಮ' ಎಂಬ ಎರಡು ಪದಗಳಿಗೆ ಯಾರೋ ಅರ್ಥ ತುಂಬಿದ್ದರು. ಅವನು ನಿವೃತ್ತನಾಗಿ ಆಗಲೇ ಹಲವು ವರ್ಷ ಕಳೆದಿತ್ತು. ಅವನ ವಿವರಣೆಯ ಪತ್ರವೂ ಅದರಲ್ಲಿತ್ತು. ಯಾರೋ ಗುಮಾಸ್ತರು ಬರೆದುಕೊಟ್ಟದ್ದು. 'ಕೋಟು ತೊಟ್ಟರೆ ಮೈ ತೊಯ್ಯುವುದರಿಂದ' ಎಂಬ ಮಾತಿನ ಕೆಳಗೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ 'ಅಸಂಬದ್ಧ' ಎಂಬ ಷರಾ. ಕೈಬರಹ ನನ್ನದಲ್ಲ. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಸಮಿತಿಯ ಮುಂದೆ ಮೂರು ಮಾದರಿಗಳಿದ್ದವು. ಎಲ್ಲವೂ ಒಳಗೆ ಸ್ಪಂಜಿನಂತಹ ತುಂಬು, ಹೊರಗೆ ಹೊಳೆಯುವ ಲೇಪ. ಕರ್ನಾಟಕದ ಪಾರದರ್ಶಕತೆ ಅಧಿನಿಯಮ, 1999ರ ಪ್ರಕಾರ ಅರ್ಹ ಟೆಂಡರುಗಳಲ್ಲಿ ಕಡಿಮೆ ದರದ್ದನ್ನು ಒಪ್ಪಬೇಕೆಂಬುದು ಎಲ್ಲರಿಗೂ ಗೊತ್ತು. ಎಲ್ಲರೂ ಮರೆಯುವ ಸಂಗತಿ ಏನೆಂದರೆ, ಯಾವುದು ಅರ್ಹ ಎಂದು ಹೇಳುವ ತಾಂತ್ರಿಕ ನಿರ್ದಿಷ್ಟತೆಯನ್ನು ಬರೆಯುವವರು ನಾವೇ. ನಮ್ಮ ನಿರ್ದಿಷ್ಟತೆಯಲ್ಲಿ ಬಣ್ಣವಿತ್ತು, ಜೇಬುಗಳ ಸಂಖ್ಯೆಯಿತ್ತು, ಲಾಂಛನ ಎಲ್ಲಿರಬೇಕೆಂಬುದಿತ್ತು. ಒದ್ದೆಯಾದ ಮೇಲೆ ಎಷ್ಟು ಹೊತ್ತಿನಲ್ಲಿ ಆರಬೇಕೆಂಬುದಿರಲಿಲ್ಲ. ಅಳತೆ 36ರಿಂದ 42ರವರೆಗಿನ ಗಂಡಸರ ಎದೆಯ ಸುತ್ತಳತೆ ಮಾತ್ರ. ಆ ವೇಳೆಗಾಗಲೇ ಸಿಬ್ಬಂದಿಯಲ್ಲಿ ಹೆಂಗಸರೂ ಇದ್ದರು, ಅವರು 36ರದ್ದನ್ನು ತೋಳು ಮಡಿಸಿಕೊಂಡು ತೊಡಬೇಕಾಗಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಜಾರ್ಜ್ ಅಕರ್ಲಾಫ್ ನೆನಪಾದರು. 2001ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಅವರು 1970ರಷ್ಟು ಹಿಂದೆಯೇ ಹಳೆ ಕಾರುಗಳ ಪೇಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಮಾತನ್ನು ತೋರಿಸಿಕೊಟ್ಟಿದ್ದರು: ಗುಣ ಮಾರುವವನಿಗೆ ಮಾತ್ರ ಗೊತ್ತಿದ್ದು ಕೊಳ್ಳುವವನಿಗೆ ಕಾಣದಿದ್ದರೆ, ಕೆಟ್ಟ ಸರಕು ಒಳ್ಳೆಯ ಸರಕನ್ನು ಪೇಟೆಯಿಂದ ಹೊರದೂಡುತ್ತದೆ. ಜಾಕೆಟ್ಟಿನ ಗುಣ ಕಾಣುವುದು ಮಳೆಯಲ್ಲಿ. ಕೊಳ್ಳುವುದು ಒಣಗಿದ ಕೋಣೆಯಲ್ಲಿ. ಆದುದರಿಂದ ನಾನು ಒಂದು ಬಕೆಟ್ ನೀರು ತರಿಸೋಣವೆಂದೆ. ಮಾದರಿಗಳನ್ನು ಅದ್ದಿ, ತೂಗಿ, ಫ್ಯಾನಿನ ಕೆಳಗೆ ತೂಗುಹಾಕಿ, ಸಂಜೆ ಮತ್ತೆ ತೂಗೋಣ. ನಾಳೆ ಯಾರಾದರೂ ತೊಟ್ಟು ನಾಲ್ಕು ಮಹಡಿ ಹತ್ತಿ ಇಳಿಯಲಿ. ಸಭೆಯಲ್ಲಿ ನಗು ಎದ್ದಿತು. ಆದರೂ ಬಕೆಟ್ ಬಂತು. ಅತ್ಯಂತ ಅಗ್ಗದ ಮಾದರಿ ಮರುದಿನ ಬೆಳಿಗ್ಗೆಯೂ ತೊಟ್ಟಿಕ್ಕುತ್ತಿತ್ತು.

ಆ ವರ್ಷ ಒಂದೇ ದಪ್ಪ ಜಾಕೆಟ್ಟಿನ ಬದಲು ಒಂದು ಉಣ್ಣೆಯ ಸ್ವೆಟರ್ ಮತ್ತು ಮೇಲೆ ಹಾಕಿಕೊಳ್ಳುವ ಸಡಿಲವಾದ ಮಳೆಗವಸು ಎಂದು ಬೇರೆಬೇರೆಯಾಗಿ ಕೊಳ್ಳಲು ಸಮಿತಿ ಒಪ್ಪಿತು. ಮೊದಲ ವರ್ಷದ ಖರ್ಚು ಹೆಚ್ಚು. ಆದರೆ ಸ್ವೆಟರ್ ನಾಲ್ಕು ವರ್ಷ ಬಾಳುತ್ತದೆ, ಗವಸು ಎರಡು, ಸ್ಪಂಜಿನ ಜಾಕೆಟ್ಟಾದರೆ ಒಂದೇ ಮಳೆಗಾಲ ಎಂಬ ಅಂದಾಜಿನ ಮೇಲೆ ವರ್ಷದ ಲೆಕ್ಕ ಹಾಕಿ ಹಣಕಾಸು ಶಾಖೆಯವರಿಗೂ ಮನವರಿಕೆ ಮಾಡಿದೆ. ಮರುವರ್ಷ ನನಗೆ ವರ್ಗವಾಯಿತು. ಅದರ ಮರುವರ್ಷ ಜೇಬು, ಲಾಂಛನಗಳ ಹಳೆಯ ನಿರ್ದಿಷ್ಟತೆಯೇ ಮರಳಿ ಬಂತೆಂದು ಕೇಳಿದೆ. ಕಾವಲುಗಾರನ ತಡೆಹಿಡಿದ ಬಡ್ತಿಯನ್ನು ಮರುಪರಿಶೀಲಿಸಬೇಕೆಂದು ನಾನು ಬರೆದ ಟಿಪ್ಪಣಿಯ ಗತಿಯೂ ಅಷ್ಟೇ. 'ಕಾಲಮಿತಿ ಮೀರಿದ ವಿಷಯ' ಎಂಬ ಷರಾದೊಡನೆ ಅದು ಹಿಂದಿರುಗಿತು. ಬಡ್ತಿಯ ಮೊತ್ತ ಆಗಿನ ಲೆಕ್ಕದಲ್ಲಿ ತಿಂಗಳಿಗೆ ಇಪ್ಪತ್ತು ರೂಪಾಯಿಯೂ ಇರಲಿಲ್ಲ. ಇಪ್ಪತ್ತು ರೂಪಾಯಿಗೆ ಅವನ ಮನೆಯಲ್ಲಿ ಏನು ಬೆಲೆಯಿತ್ತು ಎಂಬುದು ಬೇರೆ ಪ್ರಶ್ನೆ.

ಪದರಗಳ ಈ ಉಪಾಯ ನನ್ನ ಸ್ವಂತದ್ದೇನಲ್ಲ. 1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಾಗ ಆತ ತೊಟ್ಟಿದ್ದುದು ರೇಷ್ಮೆ, ಹತ್ತಿ, ಉಣ್ಣೆಗಳ ಹಲವು ತೆಳುಪದರಗಳನ್ನು. 2006ರಲ್ಲಿ ಅದರ ಪ್ರತಿರೂಪವನ್ನು ಹೊಲಿಸಿ ಅದೇ ಪರ್ವತದಲ್ಲಿ ತೊಟ್ಟು ನೋಡಿದವರು, ಅದು ಹಗುರವೂ ಚಲನೆಗೆ ಅನುಕೂಲವೂ ಆಗಿತ್ತೆಂದು ಬೆರಗಾದರು. ಒಂದು ದಪ್ಪ ಜಾಕೆಟ್ಟಿಗಿಂತ ಮೂರು ತೆಳು ಬಟ್ಟೆ ಮೇಲು. ಏರುವಾಗ ಒಂದನ್ನು ಕಳಚಬಹುದು, ನಿಂತಾಗ ತೊಡಬಹುದು. ನಾನು 1988ರಲ್ಲಿ ಮಾಡಬೇಕಾಗಿದ್ದುದು ಅಷ್ಟೇ.

ಡಿಸೆಂಬರ್, ಜನವರಿಯಲ್ಲಿ ಹೋಗುವವರ ವಿಚಾರ ಸುಲಭ. ಆಗ ಕೆಮ್ಮಣ್ಣುಗುಂಡಿಯ ಗಾಳಿ ಒಣಗಿರುತ್ತದೆ, ಮಧ್ಯಾಹ್ನ ಬಿಸಿಲಿರುತ್ತದೆ. ಹತ್ತಿಯ ಅಂಗಿಯ ಮೇಲೊಂದು ಉಣ್ಣೆಯ ಸ್ವೆಟರ್, ಬೆಳಗಿನ ಗಾಳಿಗೆ ತೆಳುವಾದ ವಿಂಡ್‌ಚೀಟರ್ ಇದ್ದರೆ ಧಾರಾಳವಾಯಿತು. ಮೆದುಗರಿಯ ಜಾಕೆಟ್ ತೊಡುವ ಆಸೆಯಿದ್ದವರೂ ಆಗ ತೀರಿಸಿಕೊಳ್ಳಬಹುದು. ಮಳೆಗಾಲದವರು ಮಾತ್ರ ಮೈಗೆ ತಾಗುವ ಬಟ್ಟೆಯಿಂದಲೇ ಯೋಚಿಸಬೇಕು. ಒಳಗೆ ಹತ್ತಿಯ ಬನಿಯನ್ ಬೇಡ. ಆಟಗಾರರು ತೊಡುವ ತೆಳುವಾದ ಪಾಲಿಯೆಸ್ಟರ್ ಅಂಗಿ ಅಥವಾ ತೆಳು ಮೆರಿನೋ ಉಣ್ಣೆ ಸಾಕು. ನಡುವೆ ಫ್ಲೀಸ್, ಅದರ ಚೀಟಿಯಲ್ಲಿ ಒಂದು ಚದರ ಮೀಟರಿನ ತೂಕ 100, 200, 300 ಗ್ರಾಂ ಎಂದಿರುತ್ತದೆ, ನಮ್ಮ ಘಟ್ಟಕ್ಕೆ ನೂರು, ಹೆಚ್ಚೆಂದರೆ ಇನ್ನೂರು. ಹೊರಗೆ ಸಡಿಲವಾದ ಮಳೆಯಂಗಿ. ಅದರ ಹೊಲಿಗೆಗಳ ಒಳಬದಿಗೆ ಪಟ್ಟಿ ಅಂಟಿಸಿದ್ದಾರೆಯೇ ಎಂದು ತಿರುವಿ ನೋಡಿ, ಏಕೆಂದರೆ ಬಟ್ಟೆ ಎಷ್ಟೇ ಚೆನ್ನಾಗಿರಲಿ, ಸೂಜಿ ಮಾಡಿದ ತೂತುಗಳಿಂದ ನೀರು ನುಗ್ಗುತ್ತದೆ. ಬಟ್ಟೆಗೆ ಬಾಯಿಯಿಟ್ಟು ಊದಿದರೆ ಗಾಳಿ ತಡೆಯುತ್ತದೆಯೋ ಇಲ್ಲವೋ ತಿಳಿಯುತ್ತದೆ. ಜೀನ್ಸನ್ನು ಮನೆಯಲ್ಲೇ ಬಿಡಿ. (ಜಿಗಣೆಯ ಕಾಟಕ್ಕೆ ಮಾತ್ರ ಯಾವ ಗಿರಣಿಯೂ ಪರಿಹಾರ ನೇಯ್ದಿಲ್ಲ, ಉದ್ದನೆಯ ಕಾಲುಚೀಲವೇ ಗತಿ.)

ಅಳತೆಯನ್ನು ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡುವುದು ಮದುವೆಯ ಕೋಟಿಗೆ ಸರಿ. ಹಳೆಯ ದರ್ಜಿಗಳು ಕೈ ಎತ್ತಿಸಿ, ಕುಳ್ಳಿರಿಸಿ ನೋಡುತ್ತಿದ್ದರು. ಬೆಟ್ಟಕ್ಕೆ ಹೋಗುವ ಜಾಕೆಟ್ ತೊಟ್ಟು ಎರಡೂ ಕೈ ಮೇಲೆತ್ತಿದರೆ ಸೊಂಟ ಬಯಲಾಗಬಾರದು. ಕೈ ಮುಂದೆ ಚಾಚಿದರೆ ಮಣಿಕಟ್ಟು ಮುಚ್ಚಿರಬೇಕು. ಕುಕ್ಕರಗಾಲಿನಲ್ಲಿ ಕುಳಿತರೆ ಬೆನ್ನು ಹಿಡಿಯಬಾರದು. ಒಳಗೆ ತೊಡುವ ಸ್ವೆಟರನ್ನು ಮನೆಯಿಂದಲೇ ತೊಟ್ಟು ಹೋಗಿ ಅಳತೆ ನೋಡುವುದು ಒಳ್ಳೆಯದು. ಬೇಸಿಗೆಯ ಅಂಗಿಯ ಮೇಲೆ ಸರಿಹೊಂದಿದ ಮಳೆಯಂಗಿ ಸ್ವೆಟರಿನ ಮೇಲೆ ಬಿಗಿಯಾಗುತ್ತದೆ. ಬಿಗಿಯಾದರೆ ನಡುವಿನ ಗಾಳಿ ಹೋಯಿತು, ಗಾಳಿ ಹೋದರೆ ಬೆಚ್ಚನೆಯೂ ಹೋಯಿತು.

ಇಷ್ಟನ್ನೆಲ್ಲ ಆ ಮಳಿಗೆಯಲ್ಲಿ ನಿಂತು ಮಗಳಿಗೆ ಹೇಳಿದೆನೆಂದು ದಯವಿಟ್ಟು ಭಾವಿಸಬೇಡಿ. ಹೇಳಿದ್ದರೆ ಆಕೆ ನನ್ನನ್ನು ಅಲ್ಲಿಯೇ ಬಿಟ್ಟು ಹೋಗುತ್ತಿದ್ದಳು. ನಾನು ಹುಡುಗನ ಕಡೆ ತಿರುಗಿ, ಒಂದು ಲೋಟ ನೀರು ಸಿಗುತ್ತದೆಯೇ ಎಂದು ಕೇಳಿದೆ.

"ಕುಡಿಯೋಕಾ ಸಾರ್?"

"ಅಲ್ಲಪ್ಪ, ಜಾಕೆಟ್ ಮೇಲೆ ಹಾಕೋಕೆ."

ಅವನು ಒಂದು ಕ್ಷಣ ಮಗಳ ಮುಖ ನೋಡಿದ. ಆಮೇಲೆ ಮ್ಯಾನೇಜರರನ್ನು ಕರೆಯಲು ಒಳಗೆ ಹೋದ.